ಒಂದೇ ಸಲ ನಡೆದ ಒಂಟೆ: ಆನಂದ್ ಅವರ ಒಂದು ಆಟವನ್ನು ಬೋರ್ಡಿನ ಮೇಲಿಟ್ಟು ಕಲಿಯುವ ಬಗೆ

ದೊಡ್ಡ ಚೆಸ್ ಆಟಗಾರರ ಆಟವನ್ನು ಮೊಬೈಲಿನಲ್ಲಿ ಬಾಣದ ಗುರುತು ಒತ್ತುತ್ತಾ ನೋಡಿದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಬ್ಬಾ, ಎಂಥ ಆಟ ಅನ್ನಿಸುತ್ತದೆ. ಮಾರನೇ ದಿನ ಯಾರಾದರೂ ಕೇಳಿದರೆ ಐದು ನಡೆಯೂ ನೆನಪಿಗೆ ಬರುವುದಿಲ್ಲ. ನಾನು ಎಷ್ಟೋ ವರ್ಷ ಆಟಗಳನ್ನು ನೋಡಿದ್ದು ಹಾಗೆಯೇ. ಆಮೇಲೆ ಒಂದು ಆಟಕ್ಕೆ ಒಂದು ವಾರ ಕೊಡಲು ಶುರುಮಾಡಿದೆ. ಆಗ ಗೊತ್ತಾಯಿತು, ಓಪನಿಂಗ್ (ಶುರುವಿನ ನಡೆಗಳು) ಬೇರೆ, ನಡುವಿನ ಆಟ ಬೇರೆ, ಮುಗಿಯುವ ಹೊಡೆತ ಬೇರೆ ಅಂತ ನಾನು ಅಂದುಕೊಂಡಿದ್ದೇ ತಪ್ಪು. ಒಳ್ಳೆಯ ಆಟದಲ್ಲಿ ಅವೆಲ್ಲ ಒಂದೇ ದಾರ.

ಆ ದಾರ ಕಣ್ಣಿಗೆ ಕಾಣುವಂಥ ಒಂದು ಆಟವನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ. 2013ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಝೀ ಊರಿನ ಟಾಟಾ ಸ್ಟೀಲ್ ಟೂರ್ನಿಯಲ್ಲಿ ನಡೆದ ಆಟ ಇದು. ಬಿಳಿ ಕಾಯಿ ಲೆವೊನ್ ಅರೋನಿಯನ್ ಅವರದು, ಕಪ್ಪು ಕಾಯಿ ವಿಶ್ವನಾಥನ್ ಆನಂದ್ ಅವರದು. ಆನಂದ್ ಆಗ ವಿಶ್ವ ಚಾಂಪಿಯನ್. ಅರೋನಿಯನ್ ಜಗತ್ತಿನ ಮೊದಲ ಕೆಲವೇ ಆಟಗಾರರಲ್ಲಿ ಒಬ್ಬರು. ಅಂಥವರು ಕಪ್ಪು ಕಾಯಿ ಎದುರು 23 ನಡೆಗೆ ಸೋಲೊಪ್ಪಿಕೊಂಡರು. ಚಿಕ್ಕ ಆಟ, ತುಂಬಾ ಆಳದ ಆಟ. ಕಲಿಯುವವರಿಗೆ ಇಂಥದ್ದೇ ಬೇಕು.

ಬೇಕಾಗುವ ಸಾಮಾನು ಮತ್ತು ಗುರುತುಗಳು

ಕೈಯಲ್ಲಿ ಮುಟ್ಟಿ ಆಡಿಸುವ ನಿಜವಾದ ಬೋರ್ಡು ಬೇಕು. ಸುತ್ತಿ ಇಡುವ ಪ್ಲಾಸ್ಟಿಕ್ ಹಾಸು ಇದ್ದರೂ ಸಾಕು. ಒಂದು ನೋಟ್‌ಬುಕ್, ಒಂದು ಪೆನ್ನು, ನಡೆಗಳನ್ನು ಮುಚ್ಚಲು ಒಂದು ದಪ್ಪ ಕಾಗದ. ಮೊಬೈಲು ಆಮೇಲೆ ಬೇಕಾಗುತ್ತದೆ, ಆದರೆ ಮೊದಲ ಮೂರು ಸಂಜೆ ಅದು ಪಕ್ಕದ ಕೋಣೆಯಲ್ಲಿರಲಿ. ಇದು ನನ್ನ ಗಟ್ಟಿ ಅಭಿಪ್ರಾಯ. ಬೆರಳಿನಿಂದ ಕಾಯಿ ಎತ್ತಿ ಇಡುವಾಗ ಮನಸ್ಸು ಒಂದು ಗಳಿಗೆ ನಿಲ್ಲುತ್ತದೆ. ಪರದೆಯ ಮೇಲೆ ಆ ಗಳಿಗೆ ಸಿಗುವುದಿಲ್ಲ.

ಕಾಯಿಗಳ ಹೆಸರು ಊರಿಂದ ಊರಿಗೆ ಸ್ವಲ್ಪ ಬೇರೆ. ನಾನಿಲ್ಲಿ ರಾಜ, ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು ಅಂತ ಬರೆಯುತ್ತೇನೆ. ಆನೆ ಅಂದರೆ ಮೂಲೆಯಲ್ಲಿ ನಿಂತು ನೇರ ಹೋಗುವ ಕಾಯಿ, ಒಂಟೆ ಅಂದರೆ ಓರೆಯಾಗಿ ಹೋಗುವ ಕಾಯಿ. ನಿಮ್ಮ ಮನೆಯಲ್ಲಿ ರಾಣಿಗೆ ಮಂತ್ರಿ ಅನ್ನುವುದಾದರೆ ಹಾಗೇ ಓದಿಕೊಳ್ಳಿ. ಬಿಳಿ ಕಡೆಯಿಂದ ಕೂತು ನೋಡಿದರೆ ಸಾಲುಗಳು ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅಡ್ಡ ಸಾಲುಗಳು ಕೆಳಗಿನಿಂದ ಮೇಲಕ್ಕೆ 1ರಿಂದ 8. ಗುಣಿಸು ಗುರುತು ಇದ್ದರೆ ಆ ಮನೆಯ ಕಾಯಿಯನ್ನು ಹೊಡೆದರು ಅಂತ ಅರ್ಥ.

ಈಗ ಆಟ. ಇದನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಿಮ್ಮ ಕೈಯಲ್ಲೇ ಬರೆದುಕೊಳ್ಳಿ. ಸಾಲಿನಲ್ಲಿ ಮೊದಲು ಬರುವುದು ಬಿಳಿಯ ನಡೆ, ಆಮೇಲಿನದು ಕಪ್ಪಿನದು.

1. ಡಿ4 – ಡಿ5
2. ಸಿ4 – ಸಿ6
3. ಕುದುರೆ ಎಫ್3 – ಕುದುರೆ ಎಫ್6
4. ಕುದುರೆ ಸಿ3 – ಇ6
5. ಇ3 – ಬಿ8ರ ಕುದುರೆ ಡಿ7
6. ಒಂಟೆ ಡಿ3 – ಕಾಲಾಳು × ಸಿ4
7. ಒಂಟೆ × ಸಿ4 – ಬಿ5
8. ಒಂಟೆ ಡಿ3 – ಒಂಟೆ ಡಿ6
9. ಕ್ಯಾಸ್ಲಿಂಗ್ – ಕ್ಯಾಸ್ಲಿಂಗ್ (ರಾಜ ಎರಡು ಮನೆ ಸರಿದು ಆನೆ ಅವನ ಪಕ್ಕಕ್ಕೆ ದಾಟುವ ನಡೆ, ಇಬ್ಬರದೂ ರಾಜನ ಕಡೆ)
10. ರಾಣಿ ಸಿ2 – ಒಂಟೆ ಬಿ7
11. ಎ3 – ಎ8ರ ಆನೆ ಸಿ8
12. ಕುದುರೆ ಜಿ5 – ಸಿ5
13. ಕುದುರೆ × ಎಚ್7 – ಕುದುರೆ ಜಿ4
14. ಎಫ್4 – ಕಾಲಾಳು × ಡಿ4
15. ಕಾಲಾಳು × ಡಿ4 – ಒಂಟೆ ಸಿ5
16. ಒಂಟೆ ಇ2 – ಡಿ7ರ ಕುದುರೆ ಇ5
17. ಒಂಟೆ × ಜಿ4 – ಒಂಟೆ × ಡಿ4, ಚೆಕ್
18. ರಾಜ ಎಚ್1 – ಕುದುರೆ × ಜಿ4
19. ಕುದುರೆ × ಎಫ್8 – ಎಫ್5
20. ಕುದುರೆ ಜಿ6 – ರಾಣಿ ಎಫ್6
21. ಎಚ್3 – ರಾಣಿ × ಜಿ6
22. ರಾಣಿ ಇ2 – ರಾಣಿ ಎಚ್5
23. ರಾಣಿ ಡಿ3 – ಒಂಟೆ ಇ3. ಬಿಳಿ ಸೋಲೊಪ್ಪಿಕೊಂಡಿತು.

ಮೊದಲ ಸಂಜೆ: ತಡೆಯದೆ ಒಂದು ಸಲ

ಕಪ್ಪು ಕಡೆ ಕೂತುಕೊಳ್ಳಿ. ನೀವು ಯಾರ ತಲೆಯೊಳಗೆ ಹೋಗಬೇಕೋ ಅವರ ಕಡೆಯಿಂದಲೇ ಬೋರ್ಡು ನೋಡಬೇಕು. 23 ನಡೆಗಳನ್ನೂ ಒಂದಾದ ಮೇಲೊಂದು ಆಡಿಸಿ. ಯಾಕೆ, ಏನು ಅಂತ ನಿಲ್ಲಬೇಡಿ. ಹತ್ತು ಹದಿನೈದು ನಿಮಿಷದ ಕೆಲಸ. ಕೊನೆಯ ಸ್ಥಿತಿಗೆ ಬಂದಾಗ ಕಾಯಿಗಳನ್ನು ಹಾಗೇ ಬಿಡಿ.

ಈಗ ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಯಾವ ಕಾಯಿ ಎಷ್ಟು ಸಲ ನಡೆಯಿತು? ಸುಲಭದ ಲೆಕ್ಕ ಅನ್ನಿಸಬಹುದು. ಮಾಡಿ ನೋಡಿ. ಬಿಳಿಯ ಎ1 ಆನೆ ಮತ್ತು ಸಿ1 ಒಂಟೆ ಇಡೀ ಆಟದಲ್ಲಿ ಕದಲಲೇ ಇಲ್ಲ. ಕಪ್ಪಿನ ಬಿಳಿ ಮನೆ ಒಂಟೆ, ಅಂದರೆ ಬಿಳಿ ಬಣ್ಣದ ಮನೆಗಳಲ್ಲಷ್ಟೇ ಓಡಾಡುವ ಒಂಟೆ, ಒಂದೇ ಒಂದು ಸಲ ನಡೆಯಿತು, 10ನೇ ನಡೆಯಲ್ಲಿ ಸಿ8ರಿಂದ ಬಿ7ಕ್ಕೆ. ಆಮೇಲೆ ಅದು ಅಲ್ಲೇ ಕೂತಿತ್ತು. ಆದರೆ ಆಟ ಮುಗಿಸಿದ್ದು ಅದೇ ಒಂಟೆ. ಹೇಗೆ ಅನ್ನುವುದು ಈ ವಾರದ ನಿಮ್ಮ ಕೆಲಸ. ಇವತ್ತಿಗೆ ಇಷ್ಟು ಸಾಕು.

ಎರಡನೇ ಸಂಜೆ: ಓಪನಿಂಗ್, ನಿಧಾನವಾಗಿ

ಇಲ್ಲಿ ಜಾಸ್ತಿ ಹೊತ್ತು ಕೊಡಿ. ಓಪನಿಂಗ್ ಕಲಿಯುವುದು ಅಂದರೆ ನಡೆ ಬಾಯಿಪಾಠ ಮಾಡುವುದು ಅಂತ ತುಂಬಾ ಜನ ನಂಬಿದ್ದಾರೆ. ಬಾಯಿಪಾಠ ಮಾಡಿದ್ದು ಎದುರಾಳಿ ಬೇರೆ ನಡೆ ಆಡಿದ ಕೂಡಲೇ ಮುಗಿದುಹೋಗುತ್ತದೆ. ಪ್ರತಿ ನಡೆಯ ಪಕ್ಕದಲ್ಲೂ ಒಂದು ಸಾಲು ಬರೆಯಿರಿ: ಇದರಿಂದ ಏನು ಸಿಕ್ಕಿತು, ಇದಕ್ಕೆ ಏನು ಬಿಟ್ಟುಕೊಟ್ಟರು.

ಉದಾಹರಣೆಗೆ 4ನೇ ನಡೆ ನೋಡಿ. ಕಪ್ಪು ಇ6 ಆಡಿತು. ಸಿಕ್ಕಿದ್ದು: ಡಿ5 ಕಾಲಾಳಿಗೆ ಗಟ್ಟಿ ಆಸರೆ. ಬಿಟ್ಟುಕೊಟ್ಟದ್ದು: ಸಿ8 ಒಂಟೆಯ ದಾರಿ. ಆ ಒಂಟೆ ಹೊರಗೆ ಬರಬೇಕಾಗಿದ್ದ ಓಣಿಗೆ ತನ್ನದೇ ಕಾಲಾಳು ಅಡ್ಡ ನಿಂತಿತು. ಸಿ6 ಮತ್ತು ಇ6ರಲ್ಲಿ ಕಾಲಾಳು ಇಟ್ಟು ಡಿ5 ಕಾಯುವ ಈ ಕಟ್ಟಿಗೆ ಸೆಮಿ-ಸ್ಲಾವ್ ಅನ್ನುತ್ತಾರೆ. ಇಡೀ ಸೆಮಿ-ಸ್ಲಾವ್ ಅನ್ನು ಒಂದೇ ಪ್ರಶ್ನೆಯಾಗಿ ನೆನಪಿಟ್ಟುಕೊಳ್ಳಬಹುದು: ಕೋಟೆಯೊಳಗೆ ಸಿಕ್ಕಿಬಿದ್ದ ಈ ಒಂಟೆಯನ್ನು ಹೊರಗೆ ತರುವುದು ಹೇಗೆ? ಪಕ್ಕದಲ್ಲಿ ಇನ್ನೊಂದನ್ನೂ ಬರೆದುಕೊಳ್ಳಿ. 5ನೇ ನಡೆಯಲ್ಲಿ ಬಿಳಿಯೂ ಇ3 ಆಡಿ ತನ್ನ ಸಿ1 ಒಂಟೆಯನ್ನು ಅದೇ ರೀತಿ ಒಳಗೆ ಹಾಕಿಕೊಂಡಿತು. ಇಬ್ಬರಿಗೂ ಒಂದೇ ತೊಂದರೆ. ಒಬ್ಬರು ಬಿಡಿಸಿಕೊಂಡರು, ಇನ್ನೊಬ್ಬರಿಗೆ ಆಗಲಿಲ್ಲ.

ಇನ್ನು 6ರಿಂದ 8. ಕಪ್ಪು ಸಿ4 ಕಾಲಾಳನ್ನು ಮೊದಲೇ ಯಾಕೆ ಹೊಡೆಯಲಿಲ್ಲ? ಬಿಳಿ ಒಂಟೆ ಡಿ3ಕ್ಕೆ ಬರುವ ತನಕ ಕಾದರು. ಬಂದ ಮೇಲೆ ಹೊಡೆದರು. ಆಗ ಬಿಳಿ ಅದೇ ಒಂಟೆಯಿಂದ ಸಿ4ರಲ್ಲಿ ಹೊಡೆಯಬೇಕಾಯಿತು. ಕಪ್ಪು ಬಿ5 ಅಂತ ಕಾಲಾಳು ನೂಕಿತು, ಒಂಟೆ ಮತ್ತೆ ಡಿ3ಕ್ಕೆ ಹೋಯಿತು. ಡಿ3ರಲ್ಲಿ ಕೂರಲು ಆ ಒಂಟೆ ಮೂರು ನಡೆ ಖರ್ಚು ಮಾಡಿತು. ಆ ಹೊತ್ತಿನಲ್ಲಿ ಕಪ್ಪಿಗೆ ಬಿ5 ಸಿಕ್ಕಿತು, ಬಿ7 ಮನೆ ಖಾಲಿಯಾಯಿತು. ಒಳಗೆ ಸಿಕ್ಕಿಬಿದ್ದ ಒಂಟೆಗೆ ಮುಂದಿನ ಬಾಗಿಲು ಮುಚ್ಚಿದೆ, ಅದಕ್ಕೆ ಪಕ್ಕದ ಕಿಟಕಿ ತೆಗೆದರು ಅಂತ ನಾನು ನೆನಪಿಟ್ಟುಕೊಂಡಿದ್ದೇನೆ.

ಈ ದಾರಿಗೆ ಮೆರಾನ್ ಅನ್ನುವ ಹೆಸರು. ಇಟಲಿಯ ಮೆರಾನ್ ಊರಿನಲ್ಲಿ 1924ರಲ್ಲಿ ನಡೆದ ಟೂರ್ನಿಯಲ್ಲಿ ಅಕಿಬಾ ರುಬಿನ್‌ಸ್ಟೈನ್ ಕಪ್ಪು ಕಾಯಿಯಲ್ಲಿ ಗ್ರುನ್‌ಫೆಲ್ಡ್ ಎದುರು ಇದನ್ನು ಆಡಿ ಗೆದ್ದರು. ಅಲ್ಲಿಂದ ಹೆಸರು ಬಂತು. ಅವರು 8ನೇ ನಡೆಯಲ್ಲಿ ಎ6 ಆಡಿ ಮೊದಲು ಬಿ5ಕ್ಕೆ ಕಾವಲು ಹಾಕಿದ್ದರು. ಆನಂದ್ ಆ ಕಾವಲು ಹಾಕಲಿಲ್ಲ. ಒಂಟೆಯನ್ನು ಡಿ6ಕ್ಕೆ ತಂದು ಕ್ಯಾಸ್ಲಿಂಗ್ ಮಾಡಿಕೊಂಡರು. ಎರಡೂ ಒಳ್ಳೆಯ ದಾರಿಗಳೇ. ಎ6ರ ಕಾವಲಿಲ್ಲದ ಬಿ5 ಮುಂದೆ ಒಂದು ಪ್ರಶ್ನೆಯಾಗಿ ಬರುತ್ತದೆ, ಅಲ್ಲಿಗೆ ಬರೋಣ.

ಈಗ 11ನೇ ನಡೆ ಮುಗಿದ ಸ್ಥಿತಿಯಲ್ಲಿ ನಿಲ್ಲಿಸಿ. ಹತ್ತು ನಿಮಿಷ ಸುಮ್ನೆ ನೋಡಿ. ಬಿ7 ಒಂಟೆಯ ಮುಂದೆ ಏನಿದೆ? ತನ್ನದೇ ಸಿ6 ಕಾಲಾಳು. ಕಿಟಕಿ ತೆಗೆದರೂ ಎದುರಿಗೆ ಗೋಡೆ. ಆ ಕಾಲಾಳು ಸಿ5ಕ್ಕೆ ಹೋದ ದಿನ ಒಂಟೆಗೆ ಜಿ2 ತನಕ ಉದ್ದದ ರಸ್ತೆ ತೆರೆಯುತ್ತದೆ. ಹಾಗಾಗಿ ಕಪ್ಪಿನ ಕನಸು ಒಂದೇ, ಸಿ5. ಸಿ8ರಲ್ಲಿ ಬಂದು ನಿಂತ ಆನೆಯನ್ನೂ ಗಮನಿಸಿ. ಅದೇ ಸಾಲಿನಲ್ಲಿ, ಸಿ2ರಲ್ಲಿ, ಬಿಳಿಯ ರಾಣಿ ಇದೆ. ನಡುವೆ ಕಾಯಿಗಳಿದ್ದರೂ ಆನೆ ಅಲ್ಲಿಗೇ ಬಂದದ್ದಕ್ಕೆ ಕಾರಣ ಇದೆ.

ಬಿಳಿಯ ಕನಸೇನು? ಡಿ3 ಒಂಟೆ ಮತ್ತು ಸಿ2 ರಾಣಿ ಒಂದೇ ಓರೆ ಗೆರೆಯಲ್ಲಿ ಎಚ್7 ಕಡೆ ನೋಡುತ್ತಿವೆ. ಮಧ್ಯದಲ್ಲಿ ಇ4 ನೂಕಬೇಕೆನ್ನುವ ಆಸೆಯೂ ಇದೆ. ಎರಡು ಕಡೆಯ ಕನಸನ್ನೂ ಎರಡೆರಡು ಸಾಲಿನಲ್ಲಿ ಬರೆದಿಟ್ಟರೆ ನಿಮ್ಮ ಓಪನಿಂಗ್ ಪಾಠ ಮುಗಿಯಿತು. 11 ನಡೆ ನೆನಪಿರದಿದ್ದರೂ ಈ ನಾಲ್ಕು ಸಾಲು ನೆನಪಿದ್ದರೆ ಬೋರ್ಡಿನ ಮುಂದೆ ನೀವೇ ನಡೆ ಹುಡುಕಿಕೊಳ್ಳುತ್ತೀರಿ.

ಮೂರನೇ ಸಂಜೆ: ಕಾಗದ ಮುಚ್ಚಿ ಊಹಿಸುವುದು

ನಿಜವಾದ ಕಲಿಕೆ ಇಲ್ಲಿದೆ. 12ನೇ ನಡೆಯಿಂದ ಕಪ್ಪಿನ ನಡೆಗಳನ್ನು ಕಾಗದದಿಂದ ಮುಚ್ಚಿ. ಬಿಳಿಯ ನಡೆ ಆಡಿಸಿ. ಕಪ್ಪಿನ ನಡೆ ಏನಿರಬಹುದು ಅಂತ ಯೋಚಿಸಿ ಎರಡು ಮೂರು ನಡೆ ಬರೆಯಿರಿ, ಪ್ರತಿಯೊಂದಕ್ಕೂ ಬಿಳಿಯ ಉತ್ತರವನ್ನೂ ಬರೆಯಿರಿ. ಆಮೇಲೆ ಕಾಗದ ಸರಿಸಿ. ನೀವು ಮೊದಲೇ ಆಟ ನೋಡಿದ್ದೀರಿ, ನಡೆ ನೆನಪಿರಬಹುದು. ಪರವಾಗಿಲ್ಲ. ನಡೆ ಗೊತ್ತಿದ್ದರೂ ಅದರ ಕಾರಣ ಗೊತ್ತಿರುವುದಿಲ್ಲ. ಕಾರಣ ಬರೆಯುವುದೇ ಕೆಲಸ.

12ನೇ ನಡೆಯಲ್ಲಿ ಬಿಳಿ ಕುದುರೆ ಜಿ5ಕ್ಕೆ ಬಂತು. ಎಚ್7ರ ಮೇಲೆ ಈಗ ಮೂರು ಕಾಯಿಗಳ ಕಣ್ಣು. ಹೆಚ್ಚಿನವರು ಇಲ್ಲಿ ಎಚ್6 ಅಥವಾ ಜಿ6 ಬರೆಯುತ್ತಾರೆ. ರಾಜನನ್ನು ಕಾಯಬೇಕು ಅನ್ನುವುದು ಸಹಜ ಭಯ. ಆನಂದ್ ಸಿ5 ಆಡಿದರು. ಹೊಡೆಯಿರಿ, ನಾನು ನನ್ನ ಕೆಲಸ ಮಾಡುತ್ತೇನೆ ಅಂದ ಹಾಗೆ. ಕುದುರೆ ಎಫ್3 ಬಿಟ್ಟು ಹೋದದ್ದರಿಂದ, ಸಿ6 ಕಾಲಾಳೂ ಸರಿದದ್ದರಿಂದ, ಬಿ7ರಿಂದ ಜಿ2ಕ್ಕೆ ರಸ್ತೆ ಪೂರ್ತಿ ಖಾಲಿಯಾಯಿತು. ಬೋರ್ಡಿನ ಮೇಲೆ ಬೆರಳಿಟ್ಟು ಆ ಗೆರೆ ಎಳೆದು ನೋಡಿ: ಸಿ6, ಡಿ5, ಇ4, ಎಫ್3, ಜಿ2. ನನಗೆ ಇಡೀ ಆಟದಲ್ಲಿ ಜಾಸ್ತಿ ಇಷ್ಟವಾದ ಗಳಿಗೆ ಇದು, ಮುಂದೆ ಬರುವ ಬಲಿಗಳಿಗಿಂತಲೂ.

ಹಾಗೇ ಇನ್ನೊಂದು ಗಮನಿಸಿ. ಬಿ5 ಕಾಲಾಳಿಗೆ ಇದ್ದ ಒಂದೇ ಕಾವಲು ಸಿ6 ಕಾಲಾಳು. ಅದು ಹೋಯಿತು ಅಲ್ವಾ? ಹಾಗಾದರೆ ಬಿಳಿ ಬಿ5ರಲ್ಲಿ ಯಾಕೆ ಹೊಡೆಯಬಾರದು? ಸಿ ಸಾಲು, ಆನೆ, ರಾಣಿ, ನಡುವಿನ ಕುದುರೆ, ಇಷ್ಟನ್ನು ಇಟ್ಟುಕೊಂಡು ನೀವೇ ಹುಡುಕಿ.

13ರಲ್ಲಿ ಬಿಳಿ ಕುದುರೆ ಎಚ್7 ಹೊಡೆಯಿತು. ರಾಜ ಅದನ್ನು ಹೊಡೆಯಲಾಗದು, ಡಿ3 ಒಂಟೆಯ ಕಾವಲಿದೆ. ಅದು ಎಫ್8 ಆನೆಯ ಮೇಲೂ ಕೈ ಹಾಕಿದೆ. ಕಪ್ಪು ಕುದುರೆಯಿಂದ ಹೊಡೆದರೆ ಬಿಳಿ ಒಂಟೆ ಹೊಡೆದು ಚೆಕ್ ಕೊಡುತ್ತದೆ, ಕಪ್ಪಿಗೆ ಒಂದು ಕಾಲಾಳು ನಷ್ಟ. ಆನಂದ್ ಆ ಕುದುರೆಯನ್ನು ಮುಟ್ಟಲೇ ಇಲ್ಲ. ತಮ್ಮ ಕುದುರೆಯನ್ನು ಜಿ4ಕ್ಕೆ ತಂದರು. ಈಗ ಎಚ್2ರ ಮೇಲೆ ಒಂಟೆ, ಕುದುರೆ ಎರಡರ ಕಣ್ಣು. ಬಿಳಿ ಆಸೆಪಟ್ಟು ಆನೆ ಹೊಡೆದರೆ ಏನು? ಆಡಿಸಿ ನೋಡಿ. ಕಪ್ಪು ಒಂಟೆ ಎಚ್2 ಹೊಡೆದು ಚೆಕ್, ರಾಜ ಎಚ್1, ರಾಣಿ ಎಚ್4. ಮುಂದೆ ಒಂಟೆ ಜಿ3ಕ್ಕೆ ಸರಿದರೆ ರಾಣಿಯ ಚೆಕ್ ತೆರೆಯುತ್ತದೆ. ರಾಜ ಜಿ1ಕ್ಕೆ ಹೋದರೆ ರಾಣಿ ಎಚ್2ರಲ್ಲಿ ಮೇಟ್, ಅಂದರೆ ರಾಜ ತಪ್ಪಿಸಿಕೊಳ್ಳಲಾಗದ ಚೆಕ್. ಅದಕ್ಕೇ ಅರೋನಿಯನ್ ಎಫ್4 ಆಡಿ ಒಂಟೆಯ ದಾರಿಗೆ ಅಡ್ಡ ಹಾಕಿದರು.

ಆ ಅಡ್ಡಕ್ಕೆ ಬೆಲೆ ಕಟ್ಟಬೇಕಾಯಿತು. ಎಫ್2 ಖಾಲಿಯಾಯಿತು. ಡಿ4ರಲ್ಲಿ ಹೊಡೆದಾಟ ಮುಗಿಯುವಾಗ ಇ3 ಕೂಡ ಖಾಲಿ. ಈಗ ಸಿ5ರಿಂದ ಜಿ1 ರಾಜನ ತನಕ ಕಪ್ಪು ಮನೆಗಳ ಗೆರೆಯಲ್ಲಿ ಉಳಿದದ್ದು ಡಿ4 ಕಾಲಾಳು ಒಂದೇ. ಆಗ 15ನೇ ನಡೆ, ಒಂಟೆ ಸಿ5. ಕಾಲಾಳು ಹೊಡೆಯಬಹುದಾದ ಮನೆಯಲ್ಲೇ ಒಂಟೆಯನ್ನು ಇಟ್ಟರು. ಎಚ್7ರಲ್ಲಿ ಬಿಳಿ ಕುದುರೆ ಇನ್ನೂ ಕೂತಿದೆ, ಎಫ್8 ಆನೆ ಇನ್ನೂ ಅದರ ಬಾಯಲ್ಲಿ ತೂಗುತ್ತಿದೆ. ಇಷ್ಟೆಲ್ಲ ಒಟ್ಟಿಗೆ ಬಿಟ್ಟು ಕೂರುವ ಧೈರ್ಯ ಎಲ್ಲಿಂದ ಬಂತು? ಸ್ವಲ್ಪ ಮನೆಪಾಠದಿಂದ. 2012ರಲ್ಲಿ ಬೋರಿಸ್ ಗೆಲ್ಫಾಂಡ್ ಎದುರಿನ ವಿಶ್ವ ಚಾಂಪಿಯನ್‌ಷಿಪ್‌ಗೆ ತಯಾರಿ ಮಾಡುವಾಗಲೇ ಆನಂದ್ ಈ ದಾರಿಯನ್ನು ಕೆದಕಿ ನೋಡಿದ್ದರು. ಆದರೆ ಮನೆಪಾಠ ನೆನಪಿಸಿಕೊಂಡು ಬೋರ್ಡಿನ ಮೇಲೆ ನಂಬುವುದು ಬೇರೆಯೇ ಕೆಲಸ.

16ನೇ ನಡೆಗೆ ಅರ್ಧ ಗಂಟೆ ಕೊಡಿ. ಬಿಳಿ ಒಂಟೆ ಇ2ಕ್ಕೆ ಬಂದು ಜಿ4 ಕುದುರೆಯ ಮೇಲೆ ಕಣ್ಣಿಟ್ಟಿತು. ಕಪ್ಪು ಉತ್ತರವಾಗಿ ಡಿ7 ಕುದುರೆಯನ್ನು ಇ5ಕ್ಕೆ ಇಟ್ಟಿತು. ಎರಡು ಬಿಳಿ ಕಾಲಾಳುಗಳ ಬಾಯಿಗೆ ಇಟ್ಟ ಹಾಗೆ ಕಾಣುತ್ತದೆ. ಮೊದಲು ಡಿ4 ಕಾಲಾಳು ನೋಡಿ. ಅದು ಇ5 ಹೊಡೆಯಲಾಗದು. ಅದು ಕದಲಿದರೆ ಸಿ5 ಒಂಟೆಯ ಚೆಕ್‌ಗೆ ರಾಜ ಸಿಕ್ಕಿಬೀಳುತ್ತಾನೆ. ಅಂದರೆ ಆ ಕಾಲಾಳು ಕಟ್ಟಿಹಾಕಿದ ಕಾಲಾಳು. ಇನ್ನು ಎಫ್4 ಕಾಲಾಳು ಹೊಡೆದರೆ? ಇದನ್ನು ಕೈಯಲ್ಲೇ ಆಡಿಸಿ. ಕಪ್ಪು ರಾಣಿ ಡಿ8ರಿಂದ ನೇರ ಬಂದು ಡಿ4 ಹೊಡೆದು ಚೆಕ್. ಡಿ7 ಕುದುರೆ ಸರಿದದ್ದರಿಂದಲೇ ರಾಣಿಗೆ ಈ ದಾರಿ ಸಿಕ್ಕಿದ್ದು. ರಾಜ ಎಚ್1. ಈಗ ಕಪ್ಪು ರಾಣಿ ಜಿ1ಕ್ಕೇ ಹೋಗಿ ಚೆಕ್! ರಾಜ ಹೊಡೆಯಲಾಗದು, ಸಿ5 ಒಂಟೆಯ ಕಾವಲಿದೆ. ಎಫ್1 ಆನೆ ಹೊಡೆಯಲೇಬೇಕು. ಹೊಡೆದ ಮೇಲೆ ಜಿ4 ಕುದುರೆ ಎಫ್2ಕ್ಕೆ, ಮೇಟ್. ರಾಜನ ಸುತ್ತ ಅವನದೇ ಆನೆ, ಅವನದೇ ಎರಡು ಕಾಲಾಳು. ಉಸಿರಾಡಲು ಒಂದು ಮನೆಯಿಲ್ಲ. ಈ ಮೇಟ್ ನಿಜವಾದ ಆಟದಲ್ಲಿ ಬೋರ್ಡಿನ ಮೇಲೆ ಬರಲಿಲ್ಲ. ಆದರೆ ಅದು ಇಲ್ಲದಿದ್ದರೆ ಇ5ರ ನಡೆಯೇ ಇಲ್ಲ. ಆಡದ ನಡೆಗಳಲ್ಲೇ ಆಟದ ಅರ್ಧ ಅರ್ಥ ಇರುತ್ತದೆ, ಅದಕ್ಕೇ ಬಾಣ ಒತ್ತಿ ನೋಡಿದರೆ ಸಿಗುವುದಿಲ್ಲ.

17ರಿಂದ 19ರ ತನಕ ಬೇಗ ಹೋಗಬಹುದು, ಹೊಡೆದಾಟವೇ ಜಾಸ್ತಿ. 19ರಲ್ಲಿ ಬಿಳಿ ಕುದುರೆ ಎಫ್8 ಆನೆ ಹೊಡೆದಾಗ ನಿಂತು ಕಾಯಿ ಎಣಿಸಿ. ಕಾಲಾಳುಗಳು ಇಬ್ಬರಿಗೂ ಐದೈದು. ರಾಣಿಗಳನ್ನು ಬಿಟ್ಟು ಬಿಳಿಗೆ ಎರಡು ಆನೆ, ಎರಡು ಕುದುರೆ, ಒಂದು ಒಂಟೆ. ಕಪ್ಪಿಗೆ ಒಂದು ಆನೆ, ಎರಡು ಒಂಟೆ, ಒಂದು ಕುದುರೆ. ಕಪ್ಪು ರಾಜ ಎಫ್8 ಕುದುರೆಯನ್ನು ಹೊಡೆಯಬಹುದು. ಆನಂದ್ ಹೊಡೆಯಲಿಲ್ಲ. ಎಫ್5 ಆಡಿದರು. ಕಾರಣ ಬರೆಯಿರಿ. ಸಿ2 ರಾಣಿಯಿಂದ ಎಚ್7ಕ್ಕೆ ಓರೆ ಗೆರೆ ತೆರೆದಿತ್ತು, ಎಫ್5 ಕಾಲಾಳು ಅದನ್ನು ಮುಚ್ಚಿತು. ತನ್ನ ರಾಜನ ಬಾಗಿಲು ಹಾಕಿಕೊಂಡು, ರಾಣಿಯನ್ನು ಎಚ್4ಕ್ಕೆ ಕಳಿಸುವ ಬೆದರಿಕೆ ಇಟ್ಟರು. ಬಿಳಿ ಕುದುರೆ ಜಿ6ಕ್ಕೆ ಬಂದು ಎಚ್4 ಕಾಯಿತು. ಸರಿ, ಹಾಗಾದರೆ ಕಾವಲುಗಾರನ ಮೇಲೇ ರಾಣಿ ಎಫ್6.

ಕೊನೆಯ ನಡೆಗೆ ಬನ್ನಿ. 22ರಲ್ಲಿ ಕಪ್ಪು ರಾಣಿ ಎಚ್5ರಲ್ಲಿದೆ. ಎಚ್3 ಕಾಲಾಳು ಜಿ4 ಕುದುರೆಯನ್ನು ಹೊಡೆಯಲಾಗದು, ಹೊಡೆದರೆ ಎಚ್ ಸಾಲು ತೆರೆದು ರಾಜ ಸಿಕ್ಕಿಬೀಳುತ್ತಾನೆ. ಬೆದರಿಕೆ ರಾಣಿ ಎಚ್3 ಹೊಡೆಯುವುದು. ಜಿ2 ಕಾಲಾಳು ಆ ರಾಣಿಯನ್ನು ಹೊಡೆಯಬಾರದೇ? ಹೊಡೆಯಲಾಗದು. ಬಿ7ರಿಂದ ಒಂಟೆ ನೋಡುತ್ತಿದೆ, ಜಿ2 ಕದಲಿದರೆ ಎಚ್1 ರಾಜನೇ ಚೆಕ್‌ಗೆ ಬರುತ್ತಾನೆ. 4ನೇ ನಡೆಯಲ್ಲಿ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ ಆ ಒಂಟೆ! ಅರೋನಿಯನ್ ರಾಣಿಯನ್ನು ಡಿ3ಕ್ಕೆ ತಂದು ಅಡ್ಡ ಸಾಲಿನಲ್ಲಿ ಎಚ್3 ಕಾದರು. ಆನಂದ್ ಒಂಟೆಯನ್ನು ಇ3ಕ್ಕೆ ಇಟ್ಟು ಆ ಅಡ್ಡ ಸಾಲನ್ನೇ ಕತ್ತರಿಸಿದರು. ಬಿಳಿ ಒಂಟೆ ಇ3 ಹೊಡೆದರೂ ಸಾಲು ಮುಚ್ಚಿಯೇ ಇರುತ್ತದೆ, ರಾಣಿ ಎಚ್3ರಲ್ಲಿ ಚೆಕ್, ರಾಜ ಜಿ1, ರಾಣಿ ಎಚ್2ರಲ್ಲಿ ಮೇಟ್. ಬಿಳಿ ರಾಣಿ ಇ3 ಹೊಡೆದರೆ ಕುದುರೆ ರಾಣಿಯನ್ನೇ ಹೊಡೆಯುತ್ತದೆ.

ಇಷ್ಟು ಅರ್ಥವಾದ ಮೇಲೆ ಬಿಳಿಯ ಸಿ1 ಒಂಟೆ ಕಡೆ ಒಮ್ಮೆ ನೋಡಿ. ಇ3 ಕಾಲಾಳು ಸರಿದು ದಾರಿ ತೆರೆಯಿತು ಅನ್ನುವ ಹೊತ್ತಿಗೆ ಎಫ್4ರಲ್ಲಿ ತನ್ನದೇ ಇನ್ನೊಂದು ಕಾಲಾಳು.

ನಾಲ್ಕನೇ ಸಂಜೆ: ಈಗ ಎಂಜಿನ್

ಮೊಬೈಲು ತನ್ನಿ. ಲಿಚೆಸ್ ಅನ್ನುವುದು ಚೆಸ್ ಆಡುವ, ಕಲಿಯುವ ಒಂದು ವೆಬ್‌ಸೈಟು. ಲಿಚೆಸ್‌ನಲ್ಲಿ ಸ್ಟಡಿ ಅನ್ನುವ ಸೌಲಭ್ಯ ಇದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಈ ಆಟದ ನಡೆಗಳನ್ನು ಹಾಕಿ. ಬೇರೆ ಕಡೆಯಿಂದ ಪಿಜಿಎನ್ (ಆಟದ ನಡೆಗಳನ್ನು ಬರೆದ ಫೈಲು) ಸಿಕ್ಕಿದರೆ ಅಂಟಿಸಿದರೂ ಆಯಿತು. ಸ್ಟಾಕ್‌ಫಿಶ್ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ, ಅದರೊಳಗೇ ಇರುತ್ತದೆ. ಆದರೆ ಅದನ್ನು ಹಾಕುವ ಮೊದಲು ನಿಮ್ಮ ನೋಟ್‌ಬುಕ್ಕಿನ ಸಾಲುಗಳನ್ನು ಕಾಮೆಂಟ್ ಆಗಿ ಟೈಪ್ ಮಾಡಿ. ಆಮೇಲೆ ಎಂಜಿನ್ ಹಾಕಿ, ನಿಮ್ಮ ಮಾತು ಮತ್ತು ಅದರ ಲೆಕ್ಕ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಮಾತ್ರ ನಿಲ್ಲಿ. ಎಲ್ಲ ನಡೆಯನ್ನೂ ಅದರ ಕೈಲಿ ಓದಿಸಬೇಡಿ.

ಎಂಜಿನ್ ನಿಮ್ಮ ನಡೆ ತಪ್ಪು ಅಂದರೆ, ಅದು ತೋರಿಸುವ ನಡೆಯನ್ನು ಒಪ್ಪಿಕೊಂಡು ಮುಂದೆ ಹೋಗಬೇಡಿ. ನಿಮ್ಮ ನಡೆಯನ್ನೇ ಆಡಿಸಿ, ಅದು ಹೇಗೆ ಶಿಕ್ಷೆ ಕೊಡುತ್ತದೆ ನೋಡಿ. ಉದಾಹರಣೆಗೆ 12ರಲ್ಲಿ ನೀವು ಎಚ್6 ಬರೆದಿದ್ದರೆ ಅದನ್ನು ಹಾಕಿ ಎರಡೂ ಕಡೆ ಐದಾರು ನಡೆ ಆಡಿಸಿ. ನಿಮ್ಮ ತಪ್ಪಿನ ಉತ್ತರ ಕಂಡಾಗ ಅದು ಬೇಗ ಮರೆಯುವುದಿಲ್ಲ. ಬಿ5 ಹೊಡೆದರೆ ಏನು ಅನ್ನುವ ಪ್ರಶ್ನೆಗೂ ಈಗ ಉತ್ತರ ಸರಿ ನೋಡಿಕೊಳ್ಳಿ.

ಐದನೇ ಸಂಜೆ: ಅಣ್ಣತಮ್ಮಂದಿರ ಆಟಗಳು

ಲಿಚೆಸ್‌ನಲ್ಲೇ ಓಪನಿಂಗ್ ಎಕ್ಸ್‌ಪ್ಲೋರರ್ ತೆಗೆದು 7ನೇ ನಡೆಯ ತನಕ ಬನ್ನಿ. 8ರಲ್ಲಿ ದೊಡ್ಡ ಆಟಗಾರರು ಕಪ್ಪಿನಿಂದ ಏನೇನು ಆಡಿದ್ದಾರೆ ಅಂತ ಕಾಣುತ್ತದೆ. ಒಂಟೆ ಡಿ6ರ ಕೆಳಗಿನ ಎರಡು ಆಟ, ಎ6ರ ಕೆಳಗಿನ ಎರಡು ಆಟ ಆರಿಸಿ. ನಾಲ್ಕೇ ಸಾಕು. ಪ್ರತಿ ಆಟದಲ್ಲೂ ಒಂದೇ ಹುಡುಕಾಟ: ಸಿ5 ಯಾವಾಗ ಬಂತು, ಬಿ7 ಒಂಟೆ ಆಮೇಲೆ ಏನು ಮಾಡಿತು? ಸಿ5 ಬರಲೇ ಇಲ್ಲದ ಆಟ ಸಿಕ್ಕಿದರೆ ಇನ್ನೂ ಒಳ್ಳೆಯದು, ಬಿಳಿ ಅದನ್ನು ಹೇಗೆ ತಡೆಯಿತು ನೋಡಿ.

ಇದರ ಜೊತೆ ಒಂದು ಹಳೆಯ ಆಟವನ್ನು ಬೋರ್ಡಿನ ಮೇಲೆ ಇಡಲೇಬೇಕು. 1907ರಲ್ಲಿ ಪೋಲೆಂಡಿನ ವುಚ್ ನಗರದಲ್ಲಿ ರೊಟ್ಲೆವಿ ಎದುರು ರುಬಿನ್‌ಸ್ಟೈನ್ ಆಡಿದ ಆಟ. ಮೆರಾನ್‌ಗೆ ಹೆಸರು ತಂದ ಅದೇ ರುಬಿನ್‌ಸ್ಟೈನ್, ಕಪ್ಪು ಕಾಯಿಯಲ್ಲಿ, 25 ನಡೆ. ಓಪನಿಂಗ್ ನಡೆಗಳು ಬೇರೆ. ಆದರೆ ಅಲ್ಲೂ ಕಪ್ಪು ಸಿ4ರಲ್ಲಿ ಹೊಡೆದು ಬಿ5 ನೂಕಿತು, ಬಿಳಿ ಒಂಟೆ ಡಿ3ಕ್ಕೆ ಮರಳಿತು, ಕಪ್ಪು ಒಂಟೆ ಬಿ7ಕ್ಕೆ ಬಂತು. ಅಲ್ಲೂ ಬಿಳಿ ಎಫ್4 ಆಡಿತು. ಅಲ್ಲೂ ಕಪ್ಪು ಮನೆ ಒಂಟೆಯ ಚೆಕ್‌ಗೆ ರಾಜ ಎಚ್1ಕ್ಕೆ ಹೋದ, ಕುದುರೆ ಜಿ4ಕ್ಕೆ ಬಂತು. ನೂರು ವರ್ಷಕ್ಕಿಂತ ಜಾಸ್ತಿ ಅಂತರ ಇರುವ ಎರಡು ಆಟ ಅಕ್ಕಪಕ್ಕ ಇಟ್ಟಾಗ ಎರಡೂ ಒಂದೇ ಮನೆತನದವು ಅಂತ ಕಾಣುತ್ತದೆ. ರುಬಿನ್‌ಸ್ಟೈನ್ ಆಟದಲ್ಲಿ 22ನೇ ನಡೆಯಿಂದ ಕಾಗದ ಮುಚ್ಚಿ ಊಹಿಸಿ. ಅಲ್ಲಿ ಏನು ಬರುತ್ತದೆ ಅಂತ ನಾನು ಹೇಳುವುದಿಲ್ಲ, ಆ ಸಂತೋಷ ನಿಮ್ಮದೇ ಆಗಿರಲಿ.

ಒಂದು ವಾರ ಬಿಟ್ಟು

ಪುಸ್ತಕ ತೆಗೆಯದೆ ಖಾಲಿ ಬೋರ್ಡಿನಿಂದ ಆನಂದ್ ಆಟವನ್ನು ಮತ್ತೆ ಆಡಿಸಿ. ಎಲ್ಲಿ ತಡೆಯಿತೋ ಆ ನಡೆಯ ಸುತ್ತ ಗುರುತು ಹಾಕಿ, ಅಲ್ಲಿ ಕಾರಣ ಗಟ್ಟಿಯಾಗಿ ಕೂತಿಲ್ಲ ಅಂತ ಅರ್ಥ. ಆಮೇಲೆ ಇದೇ ಓಪನಿಂಗ್ ಇಟ್ಟುಕೊಂಡು ಹತ್ತು ಹದಿನೈದು ನಿಮಿಷದ ಆಟಗಳನ್ನು ಆಡಿ. ಮೂರು ನಿಮಿಷದ ಬ್ಲಿಟ್ಜ್ ಈಗ ಬೇಡ, ಯೋಚಿಸಲು ಹೊತ್ತು ಸಿಗುವುದಿಲ್ಲ. ಮಕ್ಕಳಿಗೆ ಕಲಿಸುತ್ತಿದ್ದರೆ 11ನೇ ನಡೆಯ ಸ್ಥಿತಿಯಿಂದ ಇಬ್ಬರನ್ನು ಕೂರಿಸಿ ಆಡಿಸಿ, ಬಣ್ಣ ಬದಲಿಸಿ ಮತ್ತೆ ಆಡಿಸಿ. ಎದುರಾಳಿಗಳು ಬೇರೆ ನಡೆ ಆಡುತ್ತಾರೆ, ಆಡಲಿ. ಆಟ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನ್ನ ಸಿ8 ಒಂಟೆ ಎಲ್ಲಿಗೆ ಹೋಯಿತು?

ಕೊನೆಗೆ ಒಂದು ಮನೆಗೆಲಸ. 15ನೇ ನಡೆಯಲ್ಲಿ ಕಪ್ಪು ಒಂಟೆ ಸಿ5ಕ್ಕೆ ಬಂದ ಸ್ಥಿತಿ ಇಡಿ. ಅರೋನಿಯನ್ ಒಂಟೆ ಇ2 ಆಡಿದರು. ಅದರ ಬದಲು ಡಿ4 ಕಾಲಾಳಿನಿಂದ ಆ ಒಂಟೆಯನ್ನೇ ಹೊಡೆದಿದ್ದರೆ? ಕಪ್ಪು ಕುದುರೆ ಸಿ5ರಲ್ಲಿ ತಿರುಗಿ ಹೊಡೆಯುತ್ತದೆ. ಆಗ ಡಿ3 ಒಂಟೆಯ ಮೇಲೆ ಕುದುರೆ, ರಾಣಿ ಎರಡರ ಕಣ್ಣು, ರಾಣಿ ಡಿ4ಕ್ಕೆ ಬಂದು ಚೆಕ್ ಕೊಡುವ ಬೆದರಿಕೆಯೂ ಇದೆ. ಎಫ್8 ಆನೆ ಇನ್ನೂ ತೂಗುತ್ತಿದೆ. ಬಿಳಿ ಕಡೆ ಕೂತುಕೊಳ್ಳಿ, ಎಂಜಿನ್ ಮುಚ್ಚಿಡಿ, ಇಪ್ಪತ್ತು ನಿಮಿಷ ಇಟ್ಟುಕೊಂಡು ಬಿಳಿಯನ್ನು ಉಳಿಸಲು ನೋಡಿ.